ತಸೂಸ್ ಹೆತ್ತ ದಿದುಮೆ

ನಾಲ್ಕನೆಯ ಮಡಿಕೆಯವರೆಗೂ ಕಾಗದ ಹೇಳಿದ ಮಾತು ಕೇಳಿತು. ಐದನೆಯದಕ್ಕೆ ಹಟ ಹಿಡಿಯಿತು. ಕಾತ್ಯಾಯಿನಿ ಅದನ್ನು ಅಡುಗೆಕಟ್ಟೆಯ ಮೇಲಿಟ್ಟು ಲಟ್ಟಣಿಗೆಯನ್ನು ಒಮ್ಮೆ ಉರುಳಿಸಿದಳು. ಬೆನ್ನ ಹಿಂದೆ ಕುಕ್ಕರ್ ಕೂಗಿತು. ಬೇಳೆ ಬೇಯಲು ಇನ್ನೊಂದು ಕೂಗು ಬೇಕು, ಅಷ್ಟರೊಳಗೆ ಮುಗಿದರೆ ಸಾಕು ಎಂದುಕೊಂಡು ಮಡಿಸಿದ್ದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಹುಣಿಸೆಬೀಜಕ್ಕಿಂತ ತುಸು ದೊಡ್ಡ ಪೊಟ್ಟಣವಾಗಿತ್ತು. ನೂಲು ಕಟ್ಟಿ ಕೊರಳಿಗೆ ಹಾಕಿಕೊಂಡರೆ ರವಿಕೆಯೊಳಗೆ ಕಾಣುತ್ತಿರಲಿಲ್ಲ.

“ಅಮ್ಮಾ, ಅದು ಕೇಕಿಗೆ ಹಾಸೋ ಪೇಪರ್ ಅಲ್ವಾ? ಊಟಕ್ಕೆ ಒರಿಗಾಮಿನಾ ಇವತ್ತು?”

ಮಗಳು ಜಾಹ್ನವಿ ಹೆಡ್‌ಫೋನನ್ನು ಕೊರಳಿಗೆ ಇಳಿಸಿಕೊಂಡು ಫ್ರಿಜ್ ತೆರೆದಿದ್ದಳು. ನಗೋಯಾದಲ್ಲಿ ಓದುತ್ತಿದ್ದ ಹುಡುಗಿ, ತರಗತಿಗಳೆಲ್ಲ ಆನ್‌ಲೈನ್ ಆದ ಮೇಲೆ ಟೋಕಿಯೋದ ತೊಯೋಸುವಿನ ಈ ಫ್ಲ್ಯಾಟಿಗೇ ಬಂದು ಕೂತಿದ್ದಳು.

“ಒರಿಗಾಮಿ ಅಲ್ಲ ಕಣೇ. ದಿದುಮೆ.”

“ಓ, ದಿದುಮೆ-ಸಾನ್! ಇನ್ನೂ ಜ್ವರ ಬಿಟ್ಟಿಲ್ವಾ?”

“ಜ್ವರಾನೋ ಅಲ್ವೋ ಅದೇ ಗೊತ್ತಾಗ್ಬೇಕಿರೋದು.”

“ಪಿಸಿಆರ್ ಮಾಡ್ಸು ಮತ್ತೆ,” ಎಂದು ಮೊಸರಿನ ಡಬ್ಬಿ ಹಿಡಿದು ಅವಳು ಮತ್ತೆ ಕೋಣೆ ಸೇರಿದಳು.

ದಿದುಮೆ ಸಾವಿರದ ಆರುನೂರು ವರ್ಷಗಳ ಹಿಂದೆ ಈಜಿಪ್ಟಿನ ಯಾವುದೋ ಊರಿನಲ್ಲಿದ್ದವಳು. ಅವಳ ಹೆಸರಿನಲ್ಲಿ ಯಾರೋ ಒಂದು ತಾಯತ ಬರೆಸಿದ್ದರು. ಜೊಂಡನ್ನು ಸೀಳಿ ಅಡ್ಡ ಉದ್ದ ಹಾಸಿ ಒತ್ತಿ ಮಾಡಿದ ಪಪೈರಸ್ ಹಾಳೆ, ಅಂಗೈ ಅಗಲದ್ದು, ಮೇಲೆ ಗ್ರೀಕ್ ಅಕ್ಷರಗಳು. ಈಗ ಅದು ಟೋಕಿಯೋದ ಒಂದು ಮಹಿಳಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಎರಡು ಗಾಜಿನ ಹಲಗೆಗಳ ನಡುವೆ ಇದೆ. ಕೊರೊನಾ ಬಂದು ಗ್ರಂಥಾಲಯದ ಬಾಗಿಲು ಹಾಕಿದಾಗಿನಿಂದ ಕಾತ್ಯಾಯಿನಿಗೆ ಸಿಗುತ್ತಿದ್ದುದು ಅದರ ಫೋಟೋ ಮಾತ್ರ. ಆ ಫೋಟೋವನ್ನೇ ಹಿಗ್ಗಿಸಿ ನೋಡಿ, ಅದೇ ಅಳತೆಗೆ ಕಾಗದ ಕತ್ತರಿಸಿ, ಪೆನ್ಸಿಲಿನಲ್ಲಿ ಅಕ್ಷರಗಳನ್ನು ಇಳಿಸಿಕೊಂಡು, ಮೂಲದ ಮಡಿಕೆಯ ಗೆರೆಗಳಿದ್ದಲ್ಲೇ ಮಡಿಸುತ್ತಿದ್ದಳು.

ಹಾಳೆಯ ಮೇಲ್ಭಾಗದಲ್ಲಿ ಅರ್ಥವಿಲ್ಲದ ಒಂದು ಉದ್ದನೆಯ ಪದ. ಅದು ಸಾಲಿಗೊಂದು ಅಕ್ಷರ ಕಳೆದುಕೊಳ್ಳುತ್ತ ದ್ರಾಕ್ಷಿಗೊಂಚಲಿನ ಹಾಗೆ ಇಳಿದು ಕೊನೆಗೆ ಒಂದೇ ಅಕ್ಷರವಾಗಿ ನಿಲ್ಲುತ್ತದೆ. ಅದರ ಕೆಳಗೆ ಬಿಡಿಬಿಡಿಯಾಗಿ ಉಳಿದ ಮಾತುಗಳು: ಉರಿ, ನಿದ್ರೆ, ಹಗಲೂ ಇರುಳೂ, ತಸೂಸ್ ಹೆತ್ತ ದಿದುಮೆಯನ್ನು. ನಡುವೆ ಹಾಳೆ ಹರಿದುಹೋಗಿದೆ. ಹರಿದ ಜಾಗದಲ್ಲಿ ಉಗುರಗಲದ ಒಂದು ತುಣುಕು ಕೂತಿದೆ. ಅದರಲ್ಲಿ ಒಬ್ಬ ಗಂಡಸಿನ ಹೆಸರು, ಹೊರಿಯೋನ್. ಜೊತೆಗೆ, ‘ನನ್ನ ಬಳಿಗೆ ಬರುವವರೆಗೂ’.

ಆ ತುಣುಕಿನಿಂದಾಗಿ ಎಲ್ಲರೂ ಇದನ್ನು ವಶೀಕರಣದ ತಾಯತ ಎಂದೇ ಕರೆಯುತ್ತ ಬಂದಿದ್ದರು. ಆ ಕಾಲದ ವಶೀಕರಣಗಳಲ್ಲಿ ಗಂಡಸರು ಕೇಳುವುದೇ ಅದು. ಅವಳು ಉರಿಯಲಿ, ಅವಳಿಗೆ ಅನ್ನ ಸೇರದಿರಲಿ, ನಿದ್ರೆ ಹತ್ತದಿರಲಿ, ನನ್ನ ಬಳಿಗೆ ಬರುವವರೆಗೂ. ಆದರೆ ಜ್ವರ ಬಿಡಿಸುವ ತಾಯತಗಳಲ್ಲೂ ಉರಿ ಇರುತ್ತದೆ, ನಿದ್ರೆ ಇರುತ್ತದೆ, ಹಗಲೂ ಇರುಳೂ ಇರುತ್ತವೆ. ಎರಡರಲ್ಲೂ ಹೆಣ್ಣು ಬೇಯುತ್ತಿರುತ್ತಾಳೆ. ಒಂದರಲ್ಲಿ ಆ ಉರಿಯನ್ನು ಹಚ್ಚುತ್ತಾರೆ, ಇನ್ನೊಂದರಲ್ಲಿ ಆರಿಸುತ್ತಾರೆ.

ಇದು ಯಾವುದು? ದಿದುಮೆಗಾಗಿ ಬರೆಸಿದ್ದೋ, ದಿದುಮೆಯ ಮೇಲೆ ಬರೆಸಿದ್ದೋ? ಕಾತ್ಯಾಯಿನಿಗೆ ಬೇಕಾಗಿದ್ದುದು ಇದೊಂದಕ್ಕೆ ಉತ್ತರ. ಅದಕ್ಕೆ ಅವಳ ಬಳಿ ಹೆಚ್ಚು ಸಮಯವಿರಲಿಲ್ಲ.

ಸಮಯವಿಲ್ಲವೆಂದು ನೆನಪಿಸುವ ಫೋನು ಆಗಲೇ ಹೊಡೆದುಕೊಂಡಿತು. ಇಲ್ಲಿ ಊಟದ ಹೊತ್ತಾದರೆ ಬೆಂಗಳೂರಿನಲ್ಲಿ ಅವಳ ಗಂಡ ಚಂದ್ರಮೌಳಿಯ ಕಾಫಿಯ ಹೊತ್ತು.

“ಏನೇ, ಟಿಕೆಟ್ ಆಗೋಯ್ತು. ಮಾರ್ಚ್ ಕೊನೇಲಿ. ಕಿಟಕಿ ಪಕ್ಕದ ಸೀಟೇ ಬೇಕು ಅಂತ ಕೇಳಿ ಹಾಕ್ಸಿದೀನಿ ನಿಂಗೆ.”

“ನನ್ನ ಒಂದು ಮಾತು ಕೇಳ್ಬಹುದಿತ್ತು.”

“ಕೇಳೋಕೇನಿದೆ? ಆ ಫ್ಲ್ಯಾಟು ಕಂಪನೀದು, ಬೀಗದಕೈ ವಾಪಸ್ ಕೊಡ್ಬೇಕು. ಈಗ ವಿಮಾನ ಸಿಗೋದೇ ಪುಣ್ಯ. ನಂಗಿಲ್ಲಿ ನೆಟ್ಟಗೆ ಊಟ ಇಲ್ಲ, ನಿದ್ದೆ ಇಲ್ಲ, ನೀನು ನೋಡಿದ್ರೆ ಅದ್ಯಾರೋ ಈಜಿಪ್ಟಿನವಳಿಗೆ ಶುಶ್ರೂಷೆ ಮಾಡ್ಕೊಂಡು ಕೂತಿದೀಯ.”

ಕಾತ್ಯಾಯಿನಿಗೆ ತಡೆಯಲಾರದೆ ನಗು ಬಂತು. “ಊಟ ನಿದ್ದೆ ಹೋಗ್ಬೇಕಾಗಿದ್ದು ನನಗೆ ಕಣ್ರೀ. ಶಾಸ್ತ್ರದಲ್ಲಿ ಹಾಗೇ ಇದೆ.”

“ಯಾವ ಶಾಸ್ತ್ರ?”

“ಇರ್ಲಿ ಬಿಡಿ. ತಿಂಡಿ ಏನು ಮಾಡ್ಕೊಂಡ್ರಿ?”

“ಉಪ್ಪಿಟ್ಟು. ಗಂಟು ಗಂಟಾಗಿದೆ. ಪೇಪರ್‌ವೇಟ್ ಬೇಕಾದ್ರೆ ಹೇಳು, ಕಳಿಸ್ತೀನಿ.”

ಚಂದ್ರಮೌಳಿ ಕೆಟ್ಟವನಲ್ಲ. ಕಂಪನಿ ಅವನನ್ನು ಶರತ್ಕಾಲದಲ್ಲೇ ಬೆಂಗಳೂರಿಗೆ ವಾಪಸು ಕರೆಸಿಕೊಂಡಿತ್ತು. ಮನೆ ಖಾಲಿ ಮಾಡಿ ಹಿಂದಿನಿಂದ ಬರುತ್ತೇನೆಂದು ಉಳಿದವಳು ಕಾತ್ಯಾಯಿನಿಯೇ. ಮಗಳ ಪರೀಕ್ಷೆ, ವಿಮಾನ ರದ್ದು, ಮತ್ತೆ ಘೋಷಣೆಯಾದ ತುರ್ತು ಪರಿಸ್ಥಿತಿ ಎಂದು ತಿಂಗಳಿಂದ ತಿಂಗಳಿಗೆ ಮುಂದೂಡುತ್ತ ಬಂದಿದ್ದಳು. ಹೇಳಿದ ಕಾರಣಗಳೆಲ್ಲ ನಿಜ. ಹೇಳದ ಕಾರಣವೊಂದಿತ್ತು: ಒಮ್ಮೆ ಈ ದೇಶ ಬಿಟ್ಟರೆ ಮತ್ತೆ ಒಳಗೆ ಬರುವಂತಿರಲಿಲ್ಲ. ಬಾಗಿಲು ಹೊರಗಿನವರಿಗೆ ಮುಚ್ಚಿತ್ತು. ದಿದುಮೆಯ ಹಾಳೆ ಒಳಗೇ ಉಳಿಯುತ್ತಿತ್ತು.

ಮೈಸೂರಿನಲ್ಲಿ ಸಂಸ್ಕೃತ ಎಂ.ಎ. ಮುಗಿಸಿ ತಾಳೆಗರಿಗಳ ವಿಭಾಗದಲ್ಲಿ ಎರಡು ವರ್ಷ ಕೆಲಸ ಮಾಡಿದವಳು ಅವಳು. ಗರಿಯ ಮೇಲೆ ಮಸಿ ಒರೆಸಿ ಅಕ್ಷರ ಎದ್ದು ಬರುವುದನ್ನು ನೋಡುವ ಸುಖ ಬೆರಳಿಗೆ ಅಂಟಿತ್ತು. ಆಮೇಲೆ ಮದುವೆ, ನಗೋಯಾ, ಮಗು, ಟೋಕಿಯೋ. ಪಾರ್ಕಿನ ಬೆಂಚಿನಲ್ಲಿ ಕೂತು ಬೇರೆ ತಾಯಂದಿರ ಜೊತೆ ಟಿಫಿನ್ ಡಬ್ಬಿಯ ಮಾತನಾಡಿ ವರ್ಷಗಳು ಕಳೆದವು. ಒಂದು ದಿನ ಸ್ಟೇಷನ್ನಿನ ಮೇಲಿನ ಕಲ್ಚರ್ ಸೆಂಟರಿನಲ್ಲಿ, ಹೂಜೋಡಣೆ ಮತ್ತು ಉಕುಲೇಲೆ ವಾದ್ಯದ ತರಗತಿಗಳ ನಡುವೆ, ‘ಪ್ರಾಚೀನ ಗ್ರೀಕ್, ಆರಂಭಿಕರಿಗೆ’ ಎಂಬ ಚೀಟಿ ಕಂಡಿತು. ಒಳಗೆ ಹೋದರೆ ಪಾಠ ಹೇಳುವ ಮುರೋಯಿ ಸೆನ್ಸೇ ಇದ್ದರು.

ಆಗಲೇ ಅವರು ಅರವತ್ತು ದಾಟಿದ್ದ ಪುಟ್ಟ ಹೆಂಗಸು. ಕೂದಲನ್ನು ತಾವೇ ಕತ್ತರಿಸಿಕೊಂಡದ್ದು ನೋಡಿದರೆ ತಿಳಿಯುತ್ತಿತ್ತು. ಭೂತಗನ್ನಡಿಯನ್ನು ಶಾಲೆಯ ಹುಡುಗಿಯರ ಪೆನ್ಸಿಲ್ ಚೀಲದಲ್ಲಿಟ್ಟುಕೊಂಡು ಓಡಾಡುತ್ತಿದ್ದರು. ದೊಡ್ಡ ದೊಡ್ಡ ವಿದ್ವಾಂಸರು ಅವರಿಗೆ ಪತ್ರ ಬರೆದು ಅಭಿಪ್ರಾಯ ಕೇಳುತ್ತಾರೆಂಬುದು ಕಾತ್ಯಾಯಿನಿಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ, ಅದೂ ಬೇರೆಯವರಿಂದ. ಮಂತ್ರ ತಾಯತಗಳ ಬಗ್ಗೆ ಅವರು ಒಮ್ಮೆಯೂ ನಕ್ಕದ್ದನ್ನು ಅವಳು ಕಂಡಿಲ್ಲ. ಬೀದಿಯ ಕೊಂಬಿನಿ ಅಂಗಡಿಯ ಬಾಗಿಲಲ್ಲಿ ಸ್ಯಾನಿಟೈಸರ್ ಬಾಟಲಿಯ ಪಕ್ಕದಲ್ಲೇ ರೋಗ ಓಡಿಸುವ ಅಮಾಬಿಯೆ ಎಂಬ ಮೀನುದೇಹದ ಭೂತದ ಚಿತ್ರ ಅಂಟಿಸಿದ್ದನ್ನು ತೋರಿಸಿ ಹೇಳಿದ್ದರು: “ನೋಡಿ ಕಾತ್ಯಾ-ಸಾನ್, ಕೈಯನ್ನೂ ತೊಳೆಯುತ್ತಾರೆ, ಇದನ್ನೂ ಅಂಟಿಸುತ್ತಾರೆ. ನಮ್ಮ ಈಜಿಪ್ಟಿನವರೂ ವೈದ್ಯನ ಹತ್ತಿರ ಹೋಗಿಯೇ ಇದಕ್ಕೆ ಬಂದಿರುತ್ತಾರೆ. ಹೆದರಿದವರನ್ನು ಮೂರ್ಖರು ಅಂದುಕೊಂಡರೆ ಅವರ ಅಕ್ಷರ ನಮಗೆ ಕಾಣುವುದಿಲ್ಲ.”

ಅವರು ಕಲಿಸಿದ್ದರಲ್ಲಿ ಅತ್ಯಂತ ಕಷ್ಟದ್ದು ಒಂದು ಸುಮ್ಮನಿರುವಿಕೆ. ಹಾಳೆಯಲ್ಲಿ ಖಾಲಿ ಜಾಗ ಕಂಡ ಕೂಡಲೇ ತುಂಬಬೇಡಿ, ಸ್ವಲ್ಪ ಹೊತ್ತು ಅದರ ಪಕ್ಕ ಕೂತಿರಿ ಎನ್ನುತ್ತಿದ್ದರು. ಅವಳು ಉತ್ಸಾಹದಿಂದ ಏನಾದರೂ ಊಹಿಸಿದರೆ, “ಓದುತ್ತಿದ್ದೀರೋ, ಬಯಸುತ್ತಿದ್ದೀರೋ?” ಎಂದು ಮೆಲ್ಲಗೆ ಕೇಳುತ್ತಿದ್ದರು. ಅದನ್ನು ಬೇರೆ ಯಾರಾದರೂ ಕೇಳಿದ್ದರೆ ಚುಚ್ಚುತ್ತಿತ್ತು.

ಆ ಕಾಲದ ಮಂತ್ರವಾದಿಗಳು ಇಟ್ಟುಕೊಂಡಿದ್ದ ವಿಧಾನದ ಪುಸ್ತಕಗಳೂ ಕೆಲವು ಉಳಿದಿವೆ. ಶುದ್ಧವಾದ ಹಾಳೆಯಲ್ಲಿ ಬರೆ, ನೂಲಿನಿಂದ ಕಟ್ಟು, ಕೊರಳಿಗೆ ಹಾಕು, ಇಂಥವಳು ಹೆತ್ತ ಇಂಥವಳನ್ನು ಬಿಡಿಸು ಎಂದು ಅವುಗಳಲ್ಲಿರುತ್ತದೆ. ಗಿರಾಕಿ ಬಂದಾಗ ಆ ಜಾಗಕ್ಕೆ ಹೆಸರು ತುಂಬುವುದು. ಇದನ್ನು ಮೊದಲು ಓದಿದ ದಿನ ಕಾತ್ಯಾಯಿನಿ, ನಮ್ಮ ಪುರೋಹಿತರ ಪುಸ್ತಕದಲ್ಲೂ ಅಮುಕ ಗೋತ್ರ, ಅಮುಕ ಹೆಸರು ಎಂದೇ ಇರುತ್ತದೆ ಎಂದಾಗ ಮುರೋಯಿ ಸೆನ್ಸೇಗೆ ಆದ ಸಂತೋಷ ಹೇಳತೀರದು. “ಅಮುಕ, ಅಮುಕ” ಎಂದು ತರಗತಿ ಮುಗಿಯುವವರೆಗೂ ಬಾಯಲ್ಲಿ ಚಪ್ಪರಿಸುತ್ತಿದ್ದರು.

ಒಂದು ವ್ಯತ್ಯಾಸವನ್ನು ಮಾತ್ರ ಕಾತ್ಯಾಯಿನಿ ಅವರಿಗೆ ಹೇಳಿರಲಿಲ್ಲ. ಅದೇ ಈಜಿಪ್ಟಿನ ಕಂದಾಯದ ಪತ್ರಗಳಲ್ಲಿ ಮನುಷ್ಯರನ್ನೆಲ್ಲ ತಂದೆಯ ಹೆಸರಿನಿಂದ ಗುರುತಿಸುತ್ತಾರೆ. ತಾಯತದಲ್ಲಿ ಮಾತ್ರ ತಾಯಿಯ ಹೆಸರು. ಬೆಂಗಳೂರಿನ ಹೊಸ ಮನೆಯ ಗೃಹಪ್ರವೇಶವನ್ನು ಡಿಸೆಂಬರಿನಲ್ಲಿ ವಿಡಿಯೋದಲ್ಲಿ ಮಾಡಿಸಿದಾಗ ಪುರೋಹಿತರು ಸಂಕಲ್ಪದಲ್ಲಿ ಗಂಡನ ಗೋತ್ರ, ನಕ್ಷತ್ರ, ಹೆಸರು ಹೇಳಿ, ಅವಳನ್ನು ಧರ್ಮಪತ್ನೀ ಸಮೇತ ಎಂದು ಮುಗಿಸಿದ್ದರು. ರೇಷ್ಮೆ ಸೀರೆ ಉಟ್ಟು ತೊಯೋಸುವಿನ ಸೋಫಾದಲ್ಲಿ ಕೂತಿದ್ದ ಅವಳಿಗೆ ತಸೂಸ್ ನೆನಪಾಗಿದ್ದಳು. ಆ ತಾಯಿಗೆ ಓದು ಬರಹ ಬರುತ್ತಿತ್ತೋ ಇಲ್ಲವೋ. ಆದರೂ ದೇವತೆಗಳು ಅವಳ ಮಗಳನ್ನು ಹುಡುಕಿಕೊಂಡು ಬರಬೇಕಾಗಿದ್ದುದು ಅವಳ ಹೆಸರು ಹಿಡಿದು.

ಕುಕ್ಕರ್ ಮತ್ತೆ ಕೂಗಿತು. ಕಾತ್ಯಾಯಿನಿ ಹೊಲಿಗೆಸೂಜಿ ತೆಗೆದು, ಮೂಲದ ಹಾಳೆ ಸವೆದು ತೂತಾದ ಜಾಗದಲ್ಲಿ ಪೊಟ್ಟಣಕ್ಕೆ ಚುಚ್ಚಿದಳು. ಬಿಡಿಸಿದಳು. ಕಾಗದದ ತುಂಬ ಒಂದೇ ಅಂತರದಲ್ಲಿ ತೂತುಗಳು, ಗೆರೆಗಳು. ಫೋಟೋದ ಪಕ್ಕ ಇಟ್ಟು ನೋಡಿದರೆ ಅಲ್ಲಿಯೂ ಅದೇ ಜಾಗಗಳಲ್ಲಿ ಅದೇ ತೂತು, ಅದೇ ಗೆರೆ. ಒಂದು ಕಡೆ ಬಿಟ್ಟು. ಹೊರಿಯೋನನ ಹೆಸರಿದ್ದ ತುಣುಕಿನ ಮೇಲೆ ಅವಳ ಕಾಗದದಲ್ಲಿ ಎರಡು ಮಡಿಕೆಗಳು ಹಾದುಹೋಗಿದ್ದವು. ಫೋಟೋದಲ್ಲಿ ಒಂದೂ ಇರಲಿಲ್ಲ. ಆ ತುಣುಕು ಇಸ್ತ್ರಿ ಹಾಕಿದ ಹಾಗೆ ನುಣ್ಣಗಿತ್ತು.

ಅವಳು ಇನ್ನೊಂದು ಹಾಳೆ ಕತ್ತರಿಸಿದಳು. ಮತ್ತೆ ಮಡಿಸಿದಳು. ಮತ್ತೆ ಅದೇ. ಆ ಹಾಳೆ ಪೊಟ್ಟಣವಾಗಿದ್ದಾಗ ಆ ತುಣುಕು ಅದರೊಳಗೆ ಇರಲು ಸಾಧ್ಯವೇ ಇರಲಿಲ್ಲ. ಯಾವ ಕಾಲದಲ್ಲೋ, ಗಾಜಿನೊಳಗೆ ಹಾಕಿದವರು ಅದೇ ಪೆಟ್ಟಿಗೆಯಲ್ಲಿ ಬಿದ್ದಿದ್ದ ಬೇರೆ ಹಾಳೆಯ ಚೂರೊಂದನ್ನು ಎತ್ತಿ, ಅಳತೆ ಸರಿಹೋಯಿತೆಂದು ಹರಿದ ಜಾಗದಲ್ಲಿ ಕೂರಿಸಿಬಿಟ್ಟಿದ್ದರು. ಆಮೇಲೆ ಬಂದವರೆಲ್ಲ ಗಾಜನ್ನು ನಂಬಿದರು. ಓದುವುದನ್ನೇ ಕಸುಬು ಮಾಡಿಕೊಂಡವರಿಗೆ ಅಕ್ಷರ ಕಂಡರೆ ಬೇರೇನೂ ಕಾಣುವುದಿಲ್ಲ.

“ಅಮ್ಮಾ!” ಕೋಣೆಯಿಂದ ಜಾಹ್ನವಿ ಕೂಗಿದಳು. “ಕುಕ್ಕರ್ ಎಷ್ಟು ಸಲ ಕೂಗ್ಬೇಕು? ನಮ್ಮ ಪ್ರೊಫೆಸರ್ ಫೈರ್ ಅಲಾರ್ಮಾ ಅಂತ ಕೇಳ್ತಿದಾರೆ!”

ಬೇಳೆ ಕರಗಿ ಗಂಜಿಯಾಗಿತ್ತು.

ತುಣುಕಿನ ವಿಷಯವನ್ನು ಸೆನ್ಸೇಗೆ ಹೇಳಲು ಅವಳಿಗೆ ಕೆಲವು ದಿನ ಬೇಕಾದವು. ಈ ಹಾಳೆಯನ್ನು ಮೊದಲು ಓದಿ ವಶೀಕರಣವೆಂದು ಪ್ರಕಟಿಸಿದವರು ಮುರೋಯಿ ಸೆನ್ಸೇ ಅವರೇ. ಮೂವತ್ತು ವರ್ಷಗಳ ಹಿಂದಿನ ಆ ಲೇಖನದಿಂದಲೇ ಅವರಿಗೆ ಹೆಸರು ಬಂದದ್ದು. ವಾರದ ಆನ್‌ಲೈನ್ ತರಗತಿ ಮುಗಿದು ಉಳಿದವರೆಲ್ಲ ಹೋದ ಮೇಲೆ ಕಾತ್ಯಾಯಿನಿ ಕ್ಯಾಮೆರಾದ ಮುಂದೆ ಕಾಗದವನ್ನು ಮಡಿಸಿದಳು, ಚುಚ್ಚಿದಳು, ಬಿಡಿಸಿ ತೋರಿಸಿದಳು. “ಸುಮಿಮಾಸೆನ್, ಸೆನ್ಸೇ” ಎಂದಳು. ಕ್ಷಮಿಸಿ ಎನ್ನಲು ಏನೂ ಇರಲಿಲ್ಲ, ಆದರೂ.

ಮುರೋಯಿ ಸೆನ್ಸೇ ಮುಖವನ್ನು ಪರದೆಗೆ ತೀರ ಹತ್ತಿರ ತಂದರು. ಆಮೇಲೆ ಪರದೆಯಿಂದ ಮಾಯವಾದರು. ಖಾಲಿ ಕುರ್ಚಿ, ಹಿಂದೆ ಪುಸ್ತಕಗಳು. ಎಲ್ಲೋ ಕಾಗದ ಹರಿದ ಸದ್ದು. ತಿರುಗಿ ಬಂದ ಅವರ ಕೈಯಲ್ಲಿ ಅವರದೇ ಮಡಿಸಿದ ಕಾಗದವಿತ್ತು, ಮುಖದ ತುಂಬ ನಗು.

“ಕಾತ್ಯಾ-ಸಾನ್, ಹೊರಿಯೋನ್ ಹೊರಗೆ ಹೋದ!”

“ಸೆನ್ಸೇ, ನಿಮ್ಮ ಲೇಖನ...”

“ಲೇಖನ ಇರಲಿ. ಮೂವತ್ತು ವರ್ಷ ಆ ಪಾಪದ ಹುಡುಗಿಯನ್ನು ಗುರುತಿಲ್ಲದ ಒಬ್ಬನ ಜೊತೆ ಒಂದೇ ಕೋಣೆಯಲ್ಲಿ ಕೂಡಿಹಾಕಿದ್ದೆನಲ್ಲ!” ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನಗೆಗೋ ಏನೋ ತಿಳಿಯಲಿಲ್ಲ. ಆಮೇಲೆ ನೆಟ್ಟಗೆ ಕೂತು ತಲೆ ಬಾಗಿಸಿ, ಅರಿಗಾತೋ ಎಂದು ಧನ್ಯವಾದ ಹೇಳಿದರು. ಶಿಷ್ಯೆಗೆ ಬಾಗುವಷ್ಟಲ್ಲ, ಸಮಾನರಿಗೆ ಬಾಗುವಷ್ಟು. ಇಷ್ಟು ವರ್ಷ ಈ ದೇಶದಲ್ಲಿದ್ದ ಕಾತ್ಯಾಯಿನಿಗೆ ಆ ವ್ಯತ್ಯಾಸ ತಿಳಿಯುತ್ತಿತ್ತು.

ತಪ್ಪು ತನ್ನದೆಂದು ತಿಳಿದಾಗ ಇಷ್ಟು ಹಗುರಾಗಬಲ್ಲ ಮನುಷ್ಯರನ್ನು ಅವಳು ಬೇರೆ ಕಂಡಿರಲಿಲ್ಲ. ತನಗಾದರೆ ಆಗುತ್ತಿತ್ತೇ? ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದರೆ ಅರ್ಧ ದಿನ ಮುಖ ಊದಿಸಿಕೊಳ್ಳುವವಳು ತಾನು.

“ಹಾಗಾದರೆ ಇದು ಜ್ವರದ ತಾಯತ,” ಎಂದಳು ಕಾತ್ಯಾಯಿನಿ.

“ಓದುತ್ತಿದ್ದೀರೋ, ಬಯಸುತ್ತಿದ್ದೀರೋ?” ಸೆನ್ಸೇಯ ದನಿ ಮತ್ತೆ ತರಗತಿಯದಾಯಿತು. “ವಶೀಕರಣಗಳನ್ನೂ ಮಡಿಸುತ್ತಿದ್ದರು. ಹೊರಿಯೋನ್ ಹೋದ, ನಮಗೆ ತಿಳಿದಿರುವುದು ಅಷ್ಟೇ. ಅವನು ಕೂತಿದ್ದ ಜಾಗದ ಅಡಿಯಲ್ಲಿ ಏನಿದೆಯೋ ಯಾರಿಗೆ ಗೊತ್ತು?”

ಫೆಬ್ರವರಿಯಲ್ಲಿ ವಿಶೇಷ ಅನುಮತಿ ಪಡೆದು ಇಬ್ಬರೂ ಗ್ರಂಥಾಲಯಕ್ಕೆ ಹೋದರು. ಗಾಳಿಯಾಡಲೆಂದು ಕಿಟಕಿಗಳನ್ನೆಲ್ಲ ತೆರೆದಿದ್ದರು. ಕೋಟು ಹಾಕಿಕೊಂಡೇ, ಮಾಸ್ಕಿನ ಹಬೆ ಕನ್ನಡಕಕ್ಕೆ ಕವಿಯದಂತೆ ಉಸಿರು ಬಿಗಿಹಿಡಿದು, ನಡುವೆ ನಿಲ್ಲಿಸಿದ್ದ ಪ್ಲಾಸ್ಟಿಕ್ ಹಾಳೆಯ ಆಚೆ ಈಚೆ ಕೂತರು. ಸೆನ್ಸೇ ದೀಪವನ್ನು ಮೇಜಿನ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಬೆಳಕು ಬಿಟ್ಟರು. ಗಾಜಿನೊಳಗೆ ಜೊಂಡಿನ ಎಳೆಗಳು ಉತ್ತ ಹೊಲದ ಹಾಗೆ ಎದ್ದವು. ಅಕ್ಷರ ಒರಟು. ಕಲಿತವನ ಕೈಯಲ್ಲ. ಆದರೆ ದಿದುಮೆಯ ಹೆಸರು ಬಂದಲ್ಲಿ ಬರೆದವನು ವೇಗ ತಗ್ಗಿಸಿದ್ದ. ಅಲ್ಲಿ ಮಾತ್ರ ಪ್ರತಿ ಅಕ್ಷರವೂ ಬಿಡಿಯಾಗಿ, ಸ್ಪಷ್ಟವಾಗಿ ನಿಂತಿತ್ತು. ಯಾರೋ ಪಕ್ಕದಲ್ಲಿ ನಿಂತು, ಹೆಸರು ತಪ್ಪಬಾರದು ನೋಡಪ್ಪ ಎಂದು ಹೇಳುತ್ತಿದ್ದರೇನೋ ಅನ್ನಿಸಿತು. ಬಯಸುತ್ತಿದ್ದೇನೆ ಎಂದು ತನ್ನನ್ನು ತಾನೇ ತಡೆದುಕೊಂಡಳು.

“ಇಲ್ಲಿ,” ಎಂದರು ಸೆನ್ಸೇ, ಮುಟ್ಟದೆ, ಪೆನ್ಸಿಲಿನ ತುದಿಯಿಂದ.

ನುಣ್ಣನೆಯ ತುಣುಕು ಹಾಳೆಯ ಮೇಲೆ ಕೂತಿತ್ತು, ಪಕ್ಕದಲ್ಲಲ್ಲ. ಅದರ ಅಂಚಿನ ಕೆಳಗಿನಿಂದ ಕೂದಲೆಳೆಯಷ್ಟು ಮಸಿಯ ಗೆರೆಯೊಂದು ಹೊರಗೆ ಬಂದಿತ್ತು. ಹಾಳೆ ಅಲ್ಲಿ ಪೂರ್ತಿ ಹರಿದಿರಲಿಲ್ಲ. ಕೆಳಗೆ ಬರಹವಿತ್ತು. ಹಚ್ಚು ಎಂಬ ಮಾತೋ, ಆರಿಸು ಎಂಬ ಮಾತೋ, ಎರಡರಲ್ಲಿ ಒಂದು ಆ ತುಣುಕಿನ ಅಡಿಯಲ್ಲಿತ್ತು.

ಸೆನ್ಸೇ ಪೆನ್ಸಿಲನ್ನು ಚೀಲಕ್ಕೆ ಹಾಕಿ ದೀಪ ಆರಿಸಿದರು.

“ಏಪ್ರಿಲ್‌ನಲ್ಲಿ ದುರಸ್ತಿಯವರು ಬಂದು ಗಾಜು ತೆರೆಯುತ್ತಾರೆ,” ಎಂದರು ಸೆನ್ಸೇ ಕೊನೆಗೆ. “ನೀವು ಬೆಂಗಳೂರಿನಲ್ಲಿರುತ್ತೀರಿ. ಫೋಟೋ ತೆಗೆದು ಕಳಿಸುತ್ತೇನೆ. ಲೇಖನದಲ್ಲಿ ನಿಮ್ಮ ಹೆಸರು ಮೊದಲು, ನನ್ನದು ಆಮೇಲೆ. ಅದರಲ್ಲಿ ಚರ್ಚೆಯಿಲ್ಲ.”

“ಹೌದು, ಸೆನ್ಸೇ.”

ಸ್ಟೇಷನ್ನಿನ ಬೆಂಚಿನಲ್ಲಿ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು, ಡಬ್ಬಿಯ ಬಿಸಿ ಚಹಾ ಹಿಡಿದು ರೈಲು ಕಾಯುವಾಗ ಸೆನ್ಸೇ ಹಳಿಗಳನ್ನು ನೋಡುತ್ತ ಹೇಳಿದರು, “ಉರಯಾಸುವಿನ ನಮ್ಮ ಮನೆಯ ಮಹಡಿಕೋಣೆಗೆ ಬಿಸಿಲು ಚೆನ್ನಾಗಿ ಬೀಳುತ್ತದೆ. ತಂಗಿ ತೀರಿಕೊಂಡ ಮೇಲೆ ಖಾಲಿ ಬಿದ್ದಿದೆ.” ಒಂದು ಗುಟುಕು ಕುಡಿದರು. “ವಿಶ್ವವಿದ್ಯಾಲಯದಲ್ಲಿ ಈ ಸಲ ಸಂಶೋಧನಾ ವಿದ್ಯಾರ್ಥಿಗಳೇ ಇಲ್ಲವಂತೆ. ಹೊರದೇಶದಿಂದ ಯಾರೂ ಬರುವ ಹಾಗಿಲ್ಲವಲ್ಲ. ಈಗಾಗಲೇ ಇಲ್ಲಿರುವವರಾದರೆ ವೀಸಾ ಬದಲಿಸಿಕೊಳ್ಳಬಹುದು ಅಂತ ಆಫೀಸಿನಲ್ಲಿ ಹೇಳುತ್ತಿದ್ದರು.”

ಅಷ್ಟರಲ್ಲಿ ಅವರ ರೈಲು ಬಂತು. ಅವರು ಹತ್ತಿ, ಬಾಗಿಲು ಮುಚ್ಚುವವರೆಗೂ ಬಾಗಿ ನಿಂತರು.

ಬಿಸಿಲಿನ ಮಾತು ಬಿಸಿಲಿನದಲ್ಲ ಎಂದು ಕಾತ್ಯಾಯಿನಿಗೆ ಹೊಳೆದದ್ದು ತನ್ನ ರೈಲು ಎರಡು ನಿಲ್ದಾಣ ದಾಟಿದ ಮೇಲೆ. ಸೆನ್ಸೇ ಏನನ್ನೂ ಕೇಳಿರಲಿಲ್ಲ. ಕೇಳಿದ್ದರೆ ಅವಳು ಹೌದು ಅಥವಾ ಇಲ್ಲ ಎನ್ನಬೇಕಾಗುತ್ತಿತ್ತು. ಆ ಕಷ್ಟವನ್ನೂ ಅವರು ಅವಳಿಗೆ ಕೊಟ್ಟಿರಲಿಲ್ಲ.

ಮನೆಯಲ್ಲಿ ಜಾಹ್ನವಿ ಸ್ಥಳಾಂತರದ ಕಂಪನಿಯವರು ಕೊಟ್ಟುಹೋದ ರಟ್ಟಿನ ಪೆಟ್ಟಿಗೆಗಳನ್ನು ಜೋಡಿಸುತ್ತಿದ್ದಳು. ಮೇಜಿನ ಮೇಲೆ ಒರಗಿಸಿಟ್ಟ ಫೋನಿನಲ್ಲಿ ಚಂದ್ರಮೌಳಿ ಹೊಸ ಮನೆಯ ಅಡುಗೆಕೋಣೆಯಲ್ಲಿ ನಿಂತಿದ್ದ.

“ಬಂದ್ಯಾ? ಬಾ, ನೋಡಿಲ್ಲಿ. ಕಟ್ಟೆ ಎರಡಿಂಚು ತಗ್ಗಿಸಿದೀನಿ. ನಿನ್ನ ಎತ್ತರಕ್ಕೆ. ನಾನಲ್ಲಿದ್ದಾಗ ಭುಜ ನೋವು ಅಂತಿದ್ಯಲ್ಲ.”

“ಅಪ್ಪಾ, ತುಂಬಾ ಸ್ವೀಟ್,” ಎಂದಳು ಜಾಹ್ನವಿ ಪೆಟ್ಟಿಗೆಯೊಳಗಿನಿಂದ.

“ನೋಡ್ಕೊಳ್ಳೇ ಕಾತ್ಯಾಯಿನಿ, ಮಗಳಿಗಾದ್ರೂ ಬೆಲೆ ಗೊತ್ತು. ನಿನ್ನ ಪುಸ್ತಕದ ಕಪಾಟು ಎಲ್ಲಿಡೋಣ ಹೇಳು.”

ಅವಳು ಹತ್ತಿರ ಹೋಗಿ ನೋಡಿದಳು. ಬೂದುಬಣ್ಣದ ಕಲ್ಲಿನ ಕಟ್ಟೆ, ಒರೆಸಿ ಹೊಳಪು ಬಂದಿತ್ತು. ಅದು ಅವಳಿಗಾಗಿ ಮಾಡಿದ್ದೇ. ಅವಳನ್ನು ಕೇಳದೆ ಮಾಡಿದ್ದೂ ಹೌದು. ಇಪ್ಪತ್ತೆರಡು ವರ್ಷ ಅವೆರಡೂ ಒಂದೇ ಹಾಳೆಯಲ್ಲಿದ್ದವು. ಯಾವುದು ಯಾವುದರ ಮೇಲೆ ಕೂತಿದೆ ಎಂದು ಅವಳು ಪಕ್ಕದಿಂದ ಬೆಳಕು ಹಿಡಿದು ನೋಡಿರಲಿಲ್ಲ. ಅವನ ಮೇಲೆ ಕೋಪ ಬರುತ್ತದೇನೋ ಎಂದು ಕಾದಳು. ಬರಲಿಲ್ಲ. ಬಂದದ್ದು ಆ ಮಸಿಯ ಗೆರೆ, ಕೂದಲೆಳೆಯಷ್ಟು ತೆಳು, ತುಣುಕಿನ ಅಡಿಯಿಂದ ಹೊರಗೆ ಚಾಚಿದ್ದು.

“ಚೆನ್ನಾಗಿದೆ ರೀ. ನಿಜವಾಗ್ಲೂ ಚೆನ್ನಾಗಿದೆ.”

“ಅಮ್ಮಾ, ನಿನ್ನ ದಪ್ಪ ಕೋಟು?” ಜಾಹ್ನವಿ ಅದನ್ನು ಎತ್ತಿ ಹಿಡಿದಿದ್ದಳು. “ಬೆಂಗಳೂರಲ್ಲಿ ಇದನ್ನ ಹಾಕ್ಕೊಂಡ್ರೆ ಜನ ಫೋಟೋ ತೆಗೀತಾರೆ. ರಿಸೈಕಲ್ ಅಂಗಡಿಗೆ ಹಾಕ್ಲಾ?”

“ಇರ್ಲಿ. ಒಂದ್ಸಲ ಡ್ರೈಕ್ಲೀನಿಗೆ ಕೊಡ್ಬೇಕು,” ಎಂದು ಕಾತ್ಯಾಯಿನಿ ಅದನ್ನು ಮಗಳ ಕೈಯಿಂದ ತೆಗೆದುಕೊಂಡಳು.

ಗಾಜು ತೆರೆಯುವ ದಿನ ತಾನು ಆ ಕೋಣೆಯಲ್ಲಿ ಇರುತ್ತೇನೆ ಎಂದು ಅವಳಿಗೆ ಆಗಲೇ ಗೊತ್ತಿತ್ತು. ಕೆಳಗಿರುವುದು ಯಾವ ಮಾತೇ ಆಗಿರಲಿ, ಅದನ್ನು ಫೋಟೋದಲ್ಲಿ ಅಲ್ಲ, ಹಾಳೆಯ ಮೇಲೆ ತನ್ನ ಕಣ್ಣಿನಿಂದ ಓದುತ್ತಾಳೆ. ವಿಮಾನದಲ್ಲಿ ಕಿಟಕಿ ಪಕ್ಕದ ಸೀಟು ಖಾಲಿ ಹೋಗುತ್ತದೆ. ಇದನ್ನೆಲ್ಲ ಹೇಗೆ ಹೇಳುವುದು, ಯಾವಾಗ ಹೇಳುವುದು ಎಂಬುದು ನಾಳೆಯ ಮಾತು. ಕೋಟನ್ನು ಬಾಗಿಲ ಹಿಂದಿನ ಗೂಟಕ್ಕೆ ಹಾಕಿ, ಕೈ ತೊಳೆದುಕೊಂಡು, ಕಪಾಟು ಎಲ್ಲಿಡಬೇಕೆಂದು ಇನ್ನೂ ಕೇಳುತ್ತಲೇ ಇದ್ದ ಗಂಡನಿಗೆ, “ಸದ್ಯಕ್ಕೆ ಆ ಗೋಡೆ ಖಾಲಿ ಇರ್ಲಿ ಬಿಡಿ,” ಎಂದು ಹೇಳಿ, ಅಕ್ಕಿ ತೊಳೆಯಲು ಹೋದಳು.